ಪಟಾಕಿ ಅಂದ್ರೆ ಕಸ್ತೇರನಿಗೆ ಆಗಲ್ಲ

ಗೆಂಗೊ: ಹನ್ನೆರಡು ಪೆಟ್ಟಿಗೆ ಅತ್ತಿಗೆ. ಅದಕ್ಕಿಂತ ಒಂದು ಕಡಿಮೆ ಆದ್ರೂ ನಾನು ಅಣ್ಣನಿಗೆ ಏನಂತ ಮುಖ ತೋರಿಸ್ಲಿ?

ಶಿಗೆನೊ: ನಿಮ್ಮಣ್ಣನಿಗೆ ಮುಖ ತೋರಿಸೋ ಕಷ್ಟ ನಿನಗೆ ಸದ್ಯಕ್ಕಿಲ್ಲ. ಹೋದ ನವೆಂಬರಲ್ಲೇ ಸುಟ್ಟು ಬೂದಿ ತಂದಾಯ್ತು. ಮೊದ್ಲು ಈ ಪೆಟ್ಟಿಗೆಗಳನ್ನ ಬಾಗಿಲಿಂದ ಎತ್ತು. ಚಪ್ಪಲಿ ಬಿಡೋಕೂ ಜಾಗ ಇಲ್ಲ.

ಗೆಂಗೊ: ಕೆಳಗಿಟ್ರೆ ಸೋಯಾ ಅಂಗಡಿಯವ್ರು ಎಣಿಸ್ತಾರೆ.

ಶಿಗೆನೊ: ಎಣಿಸ್ಲಿ ಬಿಡು, ಲೆಕ್ಕ ಕಲಿತ ಹಾಗಾಯ್ತು.

ಗೆಂಗೊ: ಎಣಿಸಿ ಹದಿಮೂರು ತರ್ತಾರೆ. ಅವ್ರ ಅಜ್ಜಿ ಹದಿಮೂರಲ್ಲಿ ಹೋಗಿ ನಮ್ಮಣ್ಣ ಹನ್ನೆರಡರಲ್ಲಿ ಹೋದ್ರೆ ಈ ಓಣೀಲಿ ನಾನು ತಲೆ ಎತ್ಕೊಂಡು ಓಡಾಡೋ ಹಾಗಿದ್ಯಾ?

ಶಿಗೆನೊ: ಆ ಅಜ್ಜಿ ಬದುಕಿದ್ದಾಗ್ಲೇ ಪೂರ್ತಿ ಕಿವುಡಿ. ಅವಳಿಗೆ ಹದಿಮೂರಾದರೇನು, ಮೂವತ್ತಾದರೇನು.

ನಾಗಾಸಾಕಿಯ ಗುಡ್ಡದ ಮೇಲೆ, ನೂರಾ ಹದಿನೇಳು ಕಲ್ಲುಮೆಟ್ಟಿಲು ಹತ್ತಿದ ಮೇಲೆ ಸಿಗುವ ಇವಾನಾಗಾ ಮನೆ ಅದು. ಆಗಸ್ಟ್ ಹದಿನೈದು, ಮಧ್ಯಾಹ್ನ ಮೂರು ಗಂಟೆ. ಓಬೋನ್ ಹಬ್ಬಕ್ಕೆಂದು ಬಂದು ಮೂರು ದಿನ ಮನೆಯಲ್ಲಿ ಉಂಡು ಕೂತ ಸತ್ತವರನ್ನೆಲ್ಲ ಸಂಜೆ ವಾಪಸ್ ಕಳಿಸಬೇಕು. ಆ ವರ್ಷ ಹೊಸದಾಗಿ ಸತ್ತವರಿದ್ದರೆ ಮನೆಯವರೇ ಒಂದು ದೋಣಿ ಕಟ್ಟಿ, ಅದಕ್ಕೆ ಗಾಲಿ ಹಾಕಿ, ಬೀದಿಯಲ್ಲಿ ತಳ್ಳಿಕೊಂಡು ಬಂದರಿನವರೆಗೆ ಹೋಗುತ್ತಾರೆ. ದಾರಿಯುದ್ದಕ್ಕೂ ಸರಪಟಾಕಿ. ದಾರಿ ಶುದ್ಧವಾಗಲಿ, ಕೆಟ್ಟದ್ದು ಅಡ್ಡ ಬಾರದಿರಲಿ ಎಂದು ಹಚ್ಚುವುದಂತೆ. ಪಕ್ಕದ ಮನೆಯವರಿಗಿಂತ ಒಂದು ಪೆಟ್ಟಿಗೆ ಹೆಚ್ಚು ಹಚ್ಚುವುದು ಯಾವ ಶುದ್ಧಿಗೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ನೋಡಲು ಬರುವವರು ಕಿವಿಗೆ ಬಿರಡೆ ಹಾಕಿಕೊಂಡೇ ಬರುತ್ತಾರೆ.

ಗೆಂಗೊ ಶಿಗೆನೊಳ ಮೈದುನ. ಅರವತ್ತನಾಲ್ಕು ವರ್ಷ, ಮೀನುದೋಣಿಗಳ ಎಂಜಿನ್ ರಿಪೇರಿ ಕೆಲಸ. ಜೂನ್ ತಿಂಗಳಿಂದ ಆ ಕೆಲಸವನ್ನೂ ಬದಿಗಿಟ್ಟು ಅಣ್ಣ ತೋಕುಜಿಯ ದೋಣಿ ಕಟ್ಟಿದ್ದ. ಬಿದಿರು, ಒಣಹುಲ್ಲು, ಚೂಪು ಮೂತಿ, ಮೂತಿಯ ಮೇಲೆ ಮನೆತನದ ಹೆಸರು, ಸುತ್ತ ಲಾಂದ್ರಗಳು, ನಡುವೆ ಟ್ರಾಂ ಡ್ರೈವರನ ಟೊಪ್ಪಿ ಹಾಕಿಕೊಂಡ ತೋಕುಜಿಯ ಫೋಟೊ. ದೋಣಿ ಮೆಟ್ಟಿಲ ಬುಡದಲ್ಲಿತ್ತು, ಪಟಾಕಿ ಮೆಟ್ಟಿಲ ತುದಿಯಲ್ಲಿತ್ತು. ಹನ್ನೆರಡನ್ನೂ ಹೊತ್ತು ಹತ್ತಿದವನು ಅವನೇ, ಇನ್ನೆರಡು ಗಂಟೆಯಲ್ಲಿ ಹೊತ್ತು ಇಳಿಯಬೇಕಾದವನೂ ಅವನೇ. ಜಂಭ ಅನ್ನುವುದು ಮನುಷ್ಯನ ಕೈಲಿ ಎಂಥ ಕೂಲಿ ಮಾಡಿಸುತ್ತದೆ ನೋಡಿ.

ಶಿಗೆನೊ: ಹಚ್ಕೋ ಹೋಗು, ಎಷ್ಟು ಬೇಕಾದ್ರೂ ಹಚ್ಕೋ. ನಾನಂತೂ ಬರಲ್ಲ.

ಗೆಂಗೊ: ಎಲ್ಲಿಗೆ ಬರಲ್ಲ?

ಶಿಗೆನೊ: ದೋಣಿ ಜೊತೆಗೆ.

ಗೆಂಗೊ ಎತ್ತಿದ್ದ ಪೆಟ್ಟಿಗೆಯನ್ನು ಮತ್ತೆ ಬಾಗಿಲ ಜಾಡಿನ ಮೇಲೇ ಇಟ್ಟ. ಜಾರುಬಾಗಿಲು ಅರ್ಧ ತೆರೆದುಕೊಂಡೇ ನಿಂತಿತು.

ಗೆಂಗೊ: ಗಂಡನ ಮೊದಲ್ನೇ ಓಬೋನು. ಹೆಂಡ್ತಿ ಮುಂದೆ ನಿಂತು ನಡೀದೆ ಇದ್ರೆ ನೋಡ್ದೋರು ಏನಂತಾರೆ?

ಶಿಗೆನೊ: ಕಸ್ತೇರನ ಹತ್ರ ಯಾರಿರ್ತಾರೆ?

ಗೆಂಗೊ: ನಾಯಿ ಹತ್ರಾನಾ?

ಶಿಗೆನೊ: ಅವನಿಗೆ ಹೆಸರಿದೆ.

ಗೆಂಗೊ: ಹೆಸರು ಕೇಕಿಂದು. ಆದ್ರೂ ಅದು ನಾಯೀನೇ.

ಕಸ್ತೇರ ಊಟದ ಮೇಜಿನ ಕೆಳಗೆ ಮಲಗಿದ್ದ. ಹದಿನಾಲ್ಕು ವರ್ಷದ ಮುದಿನಾಯಿ. ಬೆನ್ನು ಕಂದು, ಹೊಟ್ಟೆ ಹಳದಿ, ಬೇಕರಿಯಿಂದ ಆಗಷ್ಟೇ ತಂದಿಟ್ಟ ಕಸ್ತೇರ ಕೇಕಿನ ತುಂಡಿನ ಹಾಗೆ. ತೋಕುಜಿ ಸಾಕಿದ ಮೂರನೆಯ ನಾಯಿ. ಮೊದಲನೆಯದು ಚಾಂಪೊನ್, ಎರಡನೆಯದು ಮೋಚಿ. ಮೂರಕ್ಕೂ ತಿಂಡಿಯ ಹೆಸರೇ, ಯಾಕೆಂದರೆ ತೋಕುಜಿಗೆ ಯೋಚನೆ ಬರುತ್ತಿದ್ದದ್ದು ಹಸಿದಾಗ ಮಾತ್ರ.

ಶಿಗೆನೊ: ಆಸ್ಪತ್ರೇಲಿ ನನ್ ಕೈ ಹಿಡ್ಕೊಂಡು ಹೇಳಿದಾರೆ ಗೆಂಗೊ. 'ಹದಿನೈದನೇ ತಾರೀಖು ಕಸ್ತೇರನ್ನ ಒಬ್ಬನ್ನೇ ಬಿಡ್ಬೇಡ ಶಿಗೆನೊ, ಆ ಸದ್ದಿಗೆ ಪಾಪ ಅವನ ಎದೆ ಒಡೆದು ಹೋಗತ್ತೆ' ಅಂತ. ಕೊನೇಗೆ ಅವ್ರು ನನ್ನ ಕೇಳಿದ್ದು ಅದೊಂದೇ. ನೀರು ಕೂಡ ಕೇಳ್ಲಿಲ್ಲ.

ಗೆಂಗೊ: ಸರಿ, ನಾಯಿ ಜೊತೆ ನೀವು ಒಳಗೆ. ನಾನೊಬ್ಬನೇ ಹೊರಗೆ. ಅಣ್ಣ ಮೇಲಿಂದ ನೋಡಿ, 'ನಲವತ್ತೊಂದು ವರ್ಷ ಜೊತೇಲಿದ್ದೋಳು ಒಂದು ಸಂಜೆ ನಡೀಲಿಲ್ವಲ್ಲ' ಅಂದ್ಕೊಂಡ್ರೆ?

ಶಿಗೆನೊಳಿಗೆ ಕುಟುಕಿತು. ಎರಡು ವಾರದಿಂದ ಅವಳ ನಿದ್ದೆ ಕೆಡಿಸಿದ್ದು ಇದೇ. ದೋಣಿಯ ಜೊತೆ ಹೋದರೆ ಕೊಟ್ಟ ಮಾತು ಮುರಿದಂತೆ, ಮನೆಯಲ್ಲಿ ಕೂತರೆ ಗಂಡನನ್ನು ಒಂಟಿಯಾಗಿ ಕಳಿಸಿದಂತೆ. ಎರಡರಲ್ಲಿ ಯಾವುದನ್ನು ಮಾಡಿದರೂ ತೋಕುಜಿಗೆ ದ್ರೋಹ. ಅಳು ಬಂತು, ಆದರೆ ಮೈದುನನ ಎದುರು ಅಳುವ ಹೆಂಗಸಲ್ಲ ಅವಳು.

ಶಿಗೆನೊ: ಮೇಲಿಂದ ನೋಡೋರಿಗೆ ಪಟಾಕಿ ಹೊಗೇಲಿ ಏನೂ ಕಾಣ್ಸಲ್ಲ ಬಿಡು.

ಅಡುಗೆಮನೆಯಿಂದ ಮಗಳು ನಾತ್ಸುಮೆ ಕೈಗೆ ಅಂಟಿದ ಅನ್ನ ನೆಕ್ಕುತ್ತ ಬಂದಳು. ಅವಳು ಪಕ್ಕದೂರಿನ ಪ್ರಾಣಿಗಳ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಳು. ಆಗಸ್ಟ್ ಬಂತೆಂದರೆ ಬಂದವರಿಗೆಲ್ಲ ಪಟಾಕಿಯ ದಿನ ನಾಯಿಬೆಕ್ಕು ನೋಡಿಕೊಳ್ಳುವುದು ಹೇಗೆಂದು ಒಂದೊಂದು ಚೀಟಿ ಹಂಚುವುದೇ ಅವಳ ಕೆಲಸ.

ನಾತ್ಸುಮೆ: ನಾನಿರ್ತೀನಿ ಅಂತ ಬೆಳಗ್ಗೆಯಿಂದ ಹೇಳ್ತಿದೀನಿ. ನನಗೆ ಅದೇ ಕೆಲಸ ಅಲ್ವಾ.

ಗೆಂಗೊ: ನೀನಿದ್ರೆ ಲಾಂದ್ರ ಯಾರು ಹಿಡೀತಾರೆ? ನನ್ನ ಒಂದು ಕೈಲಿ ಬೆಂಕಿಪೊಟ್ಟಣ, ಇನ್ನೊಂದು ಕೈಲಿ ಸರಪಟಾಕಿ. ಬಾಯಲ್ಲಿ ಕಚ್ಕೊಳ್ಲಾ?

ಶಿಗೆನೊ: ಕಚ್ಕೋ. ಸ್ವಲ್ಪ ಹೊತ್ತು ಮಾತಾದ್ರೂ ನಿಲ್ಲತ್ತೆ.

ನಾತ್ಸುಮೆ: ಅಮ್ಮ, ಅನ್ನದ ಉಂಡೆ ಎರಡೂ ಆಯ್ತು. ಒಳಗೆ ಉಪ್ಪಲ್ಲಿ ಹಾಕಿದ ಹುಳಿಹಣ್ಣು ಇಟ್ಟಿದೀನಿ. ಯಾರಿಗೆ ಇದು?

ಶಿಗೆನೊ: ಕಸ್ತೇರನಿಗೆ.

ನಾತ್ಸುಮೆ: ಕಸ್ತೇರನಿಗೆ ಹುಳಿಹಣ್ಣಾ?

ಶಿಗೆನೊ: ನಿಮ್ಮಪ್ಪ ಬರೆದಿಟ್ಟಿದಾರೆ. ಬರೆದಿದ್ದನ್ನ ಮಾಡ್ಬೇಕು. ಮೊನ್ನೆ ಹದಿಮೂರಕ್ಕೆ ನಿಮ್ಮ ಚಿಕ್ಕಪ್ಪ ಸತ್ತೋರನ್ನ ಕರ್ಕೊಂಡು ಬರೋಕೆ ಅಂತ ಸಮಾಧಿ ಹತ್ರ ಬಾಣ ಬಿರುಸು ಎಲ್ಲಾ ಹಾರಿಸಿದ್ನಲ್ಲ, ಆಗ್ಲೂ ಪಟ್ಟಿ ನೋಡೇ ಕಸ್ತೇರನ್ನ ಗೂಡಲ್ಲಿ ಮಲಗಿಸಿ ಹೋಗಿದ್ದೆ. ಬಂದು ನೋಡಿದ್ರೆ ಗೊರಕೆ ಹೊಡೀತಿದ್ದ. ಅಷ್ಟು ಚೆನ್ನಾಗಿ ಕೆಲಸ ಮಾಡತ್ತೆ ಆ ಪಟ್ಟಿ.

ಹಾಸಿಗೆ ಇಡುವ ಗೋಡೆಗೂಡಿನ ಬಾಗಿಲ ಒಳಮೈಗೆ ಆ ಪಟ್ಟಿ ಅಂಟಿತ್ತು. ತೋಕುಜಿ ಮೂವತ್ತೆಂಟು ವರ್ಷ ಟ್ರಾಂ ಓಡಿಸಿದವನು, ನಿಮಿಷ ಬರೆಯದೆ ಅವನಿಗೆ ನೀರೂ ಇಳಿಯುತ್ತಿರಲಿಲ್ಲ. ನಾತ್ಸುಮೆ ಮೊಣಕಾಲೂರಿ ಓದಿದಳು.

ನಾತ್ಸುಮೆ: 'ನಾಲ್ಕು ಹತ್ತು: ಕಸ್ತೇರನನ್ನು ಅಡ್ಡಾಡಿಸುವುದು. ಕೊರಳಪಟ್ಟಿಯಲ್ಲಿ ಫೋನ್ ನಂಬರು ಇದೆಯೇ ನೋಡುವುದು. ನಾಲ್ಕು ಮೂವತ್ತೈದು: ವಾಪಸ್. ಕಿಟಕಿ, ಪರದೆ, ಹಲಗೆಬಾಗಿಲು ಭದ್ರ.' ವಾ, ನಮ್ಮ ಆಸ್ಪತ್ರೆ ಚೀಟಿಗಿಂತ ಚೆನ್ನಾಗಿದೆ.

ಶಿಗೆನೊ: ಮತ್ತೆ ಅಂದ್ರೆ? ಅವ್ರಷ್ಟು ಪ್ರೀತಿಯಿಂದ ನಾಯಿ ನೋಡ್ಕೊಂಡೋರು ಈ ಊರಲ್ಲೇ ಇಲ್ಲ.

ನಾತ್ಸುಮೆ: 'ನಾಲ್ಕು ನಲವತ್ತು: ಗೂಡಿನ ಕೆಳಭಾಗದಲ್ಲಿ ಹಾಸಿಗೆ. ದಿಂಬು ಎರಡು, ಒಂದು ತಲೆಗೆ, ಒಂದು ಸೊಂಟಕ್ಕೆ.' ನಾಯಿಗೆ ಸೊಂಟಕ್ಕೆ ದಿಂಬಾ?

ಶಿಗೆನೊ: ವಯಸ್ಸಾಗಿಲ್ವಾ ಅವನಿಗೆ?

ನಾತ್ಸುಮೆ: 'ರೇಡಿಯೋದಲ್ಲಿ ಬೇಸ್‌ಬಾಲ್. ಕಿವಿಗೆ ಹತ್ತಿ. ಫ್ಲಾಸ್ಕಿನಲ್ಲಿ ತಣ್ಣಗಿನ ಬಾರ್ಲಿ ಟೀ. ಓದುವ ಕನ್ನಡಕ.'

ಗೆಂಗೊ: ಕನ್ನಡಕ ಯಾಕೆ?

ಶಿಗೆನೊ: ಕತ್ತಲಲ್ಲಿ ಅವನಿಗೆ ಏನಾದ್ರೂ ಓದಿ ಹೇಳ್ತಿದ್ರೇನೋ. ಧೈರ್ಯಕ್ಕೆ.

ಗೆಂಗೊ: ನಾಯಿಗೆ?

ಶಿಗೆನೊ: ನಿನಗಿಂತ ಚೆನ್ನಾಗಿ ಕೂತು ಕೇಳ್ತಿದ್ದ ಅವನು.

ನಾತ್ಸುಮೆ: 'ಯಾರು ಕರೆದರೂ ಬಾಗಿಲು ತೆಗೆಯಬಾರದು. ಗೆಂಗೊ ಕರೆದರೆ ಖಂಡಿತ ತೆಗೆಯಬಾರದು.'

ಗೆಂಗೊ: ನನ್ನ ಹೆಸರು ಯಾಕೆ ಬಂತು ಅಲ್ಲಿ?

ಶಿಗೆನೊ: ನೀನು ಬಂದ್ರೆ ಪಟಾಕಿ ನಾತ ಬರತ್ತೆ. ಕಸ್ತೇರ ಹೆದರ್ಕೋತಾನೆ. ನಾನು ಪ್ರತಿವರ್ಷ ಹದಿನೈದರ ಸಂಜೆ ಓಣಿಯವ್ರ ದೋಣಿ ಜೊತೆ ಹೋಗಿ ಬಂದು ನೋಡಿದ್ರೆ, ನಿಮ್ಮಣ್ಣ, ನಾಯಿ ಇಬ್ರೂ ಗೂಡಲ್ಲಿ ಕೂತು ಗಡಗಡ ನಡುಗ್ತಿರ್ತಿದ್ರು. 'ನೋಡೇ, ನಾಯಿ ಹೇಗೆ ನಡುಗ್ತಿದೆ, ಹಿಡ್ಕೊಂಡು ಹಿಡ್ಕೊಂಡು ನಾನೂ ನಡುಗೋ ಹಾಗಾಯ್ತು' ಅನ್ನೋರು.

ನಾತ್ಸುಮೆ ಏನೋ ಹೇಳಲು ಬಾಯಿ ತೆರೆದಳು. ತೆರೆದದ್ದು ಹಾಗೇ ಉಳಿಯಿತು, ಯಾಕೆಂದರೆ ಕೆಳಗೆ ಮೆಟ್ಟಿಲ ಬುಡದಲ್ಲಿ ಸೋಯಾ ಅಂಗಡಿಯವರು ಅದೇ ಹೊತ್ತಿಗೆ ಒಂದು ಇಡೀ ಪೆಟ್ಟಿಗೆಗೆ ಬೆಂಕಿ ಇಟ್ಟರು. ಹೊರಡಲು ಇನ್ನೂ ಎರಡು ಗಂಟೆ ಇತ್ತು. ಮದ್ದು ಹಸಿಯಾಗಿದೆಯೋ ಏನೋ ಎಂದು ಪರೀಕ್ಷೆಯಂತೆ. ಗುಡ್ಡವೇ ಅದುರಿತು. ಗಾಜು ಜಣಜಣ ಎಂದಿತು. ಸದ್ದು ನಿಂತ ಮೇಲೆ ಮೂವರೂ ಒಟ್ಟಿಗೇ ಮೇಜಿನ ಕೆಳಗೆ ಬಗ್ಗಿ ನೋಡಿದರು.

ಮೇಜಿನ ಕೆಳಗೆ ಯಾರೂ ಇರಲಿಲ್ಲ.

ಶಿಗೆನೊ: ಬಾಗಿಲು. ಬಾಗಿಲು ಹಾಕಿರ್ಲಿಲ್ವಾ?

ನಾತ್ಸುಮೆ: ಹಾಕೋಕೆ ಹೇಗಾಗತ್ತೆ ಅಮ್ಮ, ಜಾಡಿನ ಮೇಲೆ ಚಿಕ್ಕಪ್ಪನ ಪೆಟ್ಟಿಗೆ ಇದೆ.

ಗೆಂಗೊ: ಅದು... ಎತ್ತೋಣ ಅಂತಿದ್ದೆ.

ಶಿಗೆನೊ: ಗೆಂಗೊ, ಕಸ್ತೇರನಿಗೆ ಏನಾದ್ರೂ ಆದ್ರೆ ಈ ಹನ್ನೆರಡು ಪೆಟ್ಟಿಗೇನೂ ನಿನ್ ಸೊಂಟಕ್ಕೆ ಕಟ್ಟಿ ಹಚ್ತೀನಿ.

ಅವಳು ಚಪ್ಪಲಿಯನ್ನೂ ಮೆಟ್ಟಲಿಲ್ಲ. ಬಿಸಿಲಿಗೆ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ, ಅರವತ್ತೆಂಟರ ಮಂಡಿಯಲ್ಲಿ, ಕಸ್ತೇರ ಕಸ್ತೇರ ಎಂದು ಕೂಗುತ್ತ ಇಳಿದಳು. ಹೋದ ಓಬೋನ್‌ಗೆ ಬೇರೆ ಓಣಿಯ ಒಂದು ನಾಯಿ ಹೀಗೇ ಹೆದರಿ ಓಡಿ ಟ್ರಾಂ ಹಳಿಯ ಮೇಲೆ ಸಿಕ್ಕಿದ್ದು ಅವಳ ಕಣ್ಣ ಮುಂದೆ ಬಂತು. ಒಂದು ಮಾತು ಕೇಳಿದ್ದರು, ಒಂದೇ ಒಂದು ಮಾತು, ಅದನ್ನೂ ಉಳಿಸಲಾಗಲಿಲ್ಲವಲ್ಲ ಎಂದು ಎದೆ ಬಡಿದುಕೊಳ್ಳುವಂತಾಯಿತು. ಹಿಂದೆ ನಾತ್ಸುಮೆ ಬಗ್ಗಿ ಬಗ್ಗಿ ಪೊದೆ ನೋಡುತ್ತ ಬಂದಳು. ಅವಳ ಹಿಂದೆ ಗೆಂಗೊ, ಕೈಯಲ್ಲಿ ಯಾಕೋ ಒಂದು ಪೆಟ್ಟಿಗೆ ಹಿಡಿದುಕೊಂಡೇ.

ಮೆಟ್ಟಿಲ ಬುಡದಲ್ಲಿ ಹೊಗೆ ಇನ್ನೂ ಕರಗಿರಲಿಲ್ಲ. ಸುಟ್ಟ ಪಟಾಕಿಯ ಕೆಂಪು ಕಾಗದದ ರಾಶಿಯ ನಡುವೆ ಕಸ್ತೇರ ಕೂತಿದ್ದ. ಮೂಗಿನ ಮೇಲೆ ಕಾಗದದ ಒಂದು ಚೂರು. ಸೀನಿದ. ಬಾಲ ನೆಲ ಗುಡಿಸುತ್ತಿತ್ತು.

ಉರಕಾವಾ ಎಂಬ ಸೋಯಾ ಅಂಗಡಿಯ ಯಜಮಾನ ತಲೆಗೆ ಕಟ್ಟಿದ ಟವೆಲ್ ಬಿಚ್ಚಿ ಬೆವರು ಒರೆಸಿಕೊಂಡ.

ಉರಕಾವಾ: ನಿಮ್ಮ ನಾಯೀನಾ ಇದು? ಮೊದಲ್ನೇ ಸದ್ದಿಗೇ ಮೇಲಿಂದ ಬಾಣದ ಹಾಗೆ ಬಂತು. ಇನ್ನೊಂದು ಹಚ್ಚಿ ಅಂತ ಪೀಡಿಸ್ತಿದೆ.

ಶಿಗೆನೊ: ಗಾಬರಿಗೆ ಕಾಲು ಸೋತು ಇಲ್ಲಿ ಕೂತಿದಾನೆ ಪಾಪ.

ಉರಕಾವಾ: ಗಾಬರೀಲಿ ಬಾಲ ಹೀಗೆ ಆಡ್ಸತ್ತಾ?

ಶಿಗೆನೊ: ಹಾಗಿದ್ರೆ ಕಿವಿ ಹೋಗಿದೆ. ವಯಸ್ಸಾಯ್ತಲ್ಲ. ಅದಕ್ಕೇ ಕೇಳ್ಸಿಲ್ಲ.

ನಾತ್ಸುಮೆ ಹತ್ತು ಹೆಜ್ಜೆ ಹಿಂದೆ ಸರಿದು, ಏಪ್ರನ್ ಜೇಬಿನಿಂದ ಅಕ್ಕಿ ಬಿಸ್ಕತ್ತಿನ ಒಂದು ಪೊಟ್ಟಣ ತೆಗೆದು, ಅದರ ಮೂಲೆಯನ್ನು ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿದಳು. ಕಸ್ತೇರನ ಎರಡೂ ಕಿವಿ ನೆಟ್ಟಗಾದವು. ಎದ್ದು, ಜನರ ಕಾಲ ಸಂದಿಯಲ್ಲಿ ನುಗ್ಗಿ ಅವಳ ಮುಂದೆ ಬಂದು ಕೂತ.

ನಾತ್ಸುಮೆ: ಕಿವಿ ಚೆನ್ನಾಗೇ ಇದೆ ಅಮ್ಮ.

 ಮನೆಜಗಳದ ವಾಸನೆ ಹಿಡಿದು ಉರಕಾವಾ ತನ್ನ ದೋಣಿಯ ಕಡೆಗೆ ಸರಿದ. ಶಿಗೆನೊ ನಾಯಿಯನ್ನು ನೋಡಿದಳು, ಆಮೇಲೆ ಇವಾನಾಗಾ ದೋಣಿಯ ನಡುವೆ ಟೊಪ್ಪಿ ಹಾಕಿಕೊಂಡು ಕೂತಿದ್ದ ಗಂಡನ ಫೋಟೊ ನೋಡಿದಳು. ಸೊಂಟಕ್ಕೆ ದಿಂಬು. ಓದುವ ಕನ್ನಡಕ. ಅನ್ನದ ಉಂಡೆಯೊಳಗೆ ಹುಳಿಹಣ್ಣು, ಅದೂ ಎರಡು.

ಶಿಗೆನೊ: ಗೆಂಗೊ. ಚಾಂಪೊನ್ ಪಟಾಕಿಗೆ ಹೆದರ್ತಿದ್ದನಾ?

ಗೆಂಗೊ: ಚಾಂಪೊನ್ನಾ? ಮರಿ ಇದ್ದಾಗ ಒಂದ್ಸಲ ನನ್ ಜೊತೆ ಸಮಾಧಿಗೆ ಬಂದಿದ್ದ. ಉರೀತಿರೋ ಸುರುಸುರುಬತ್ತಿ ಕಚ್ಕೊಂಡು ಓಡಿದ್ದ. ಅಣ್ಣ ಅವತ್ತೂ ಕೆಳಗೆ ದೇವಸ್ಥಾನದ ಬಾಗಿಲಲ್ಲೇ ನಿಂತಿದ್ದ. ನಾಯಿ ಹೆದರತ್ತೆ, ನಾನು ಮೇಲೆ ಬರಲ್ಲ ಅಂತ.

ಶಿಗೆನೊ: ನಾಯಿ ಮೇಲೆ ನಿನ್ ಹತ್ರ ಇತ್ತು.

ಗೆಂಗೊ: ಹೂಂ.

ಶಿಗೆನೊ: ಅವ್ರು ಕೆಳಗೆ ಯಾರನ್ನ ಹಿಡ್ಕೊಂಡು ನಿಂತಿದ್ರು?

ಗೆಂಗೊ: ಕಂಬಾನ.

ನಾತ್ಸುಮೆ: ಚಾಂಪೊನ್ ಹೋದ್ಮೇಲೆ ಮೋಚಿ ಬರೋ ಮುಂಚೆ ಒಂದು ವರ್ಷ ನಾಯೀನೇ ಇರ್ಲಿಲ್ಲ ಅಲ್ವಾ? ಆ ವರ್ಷ ಅಪ್ಪ ದೋಣಿ ನೋಡೋಕೆ ಬಂದಿದ್ರಾ?

ಶಿಗೆನೊ: ಎಲ್ಲಿ ಬಂದ್ರು. ಪಕ್ಕದ್ಮನೆ ಬೆಕ್ಕನ್ನ ಕೇಳಿ ತಂದ್ಕೊಂಡಿದ್ರು. 'ಪಾಪ, ಅವ್ರ ಮನೇಲಿ ಎಲ್ರೂ ಹೊರಗೆ ಹೋಗ್ತಾರೆ, ಬೆಕ್ಕಿಗೆ ಯಾರೂ ದಿಕ್ಕಿಲ್ಲ' ಅಂತ. ಬಂದು ನೋಡಿದ್ರೆ ಮೊಣಕೈವರೆಗೆ ಪರಚಿಸ್ಕೊಂಡು ಕೂತಿದ್ರು. ಪಟಾಕಿ ಹೆದರಿಕೆಗೆ ಪರಚಿತು ಅಂದ್ರು.

ನಾತ್ಸುಮೆ: ಐದು ಗಂಟೆ ಹೊತ್ತು ಅಪ್ಪಿ ಹಿಡ್ಕೊಂಡ್ರೆ ಯಾವ ಬೆಕ್ಕಾದ್ರೂ ಪರಚತ್ತೆ.

ಗೆಂಗೊ: ಇಲ್ಲ ಇಲ್ಲ. ಇದು ಸಾಧ್ಯಾನೇ ಇಲ್ಲ. ಯಾರ ಬಗ್ಗೆ ಮಾತಾಡ್ತಿದೀರಿ ನೀವು? ಬ್ರೇಕ್ ಹೋದ ಟ್ರಾಮನ್ನ ಇಳಿಜಾರಲ್ಲಿ ನಿಲ್ಲಿಸಿದ ಗಂಡಸು ಅವನು. ನನಗೆ ಪಟಾಕಿ ಹಚ್ಚೋಕೆ ಕಲಿಸಿದ್ದೇ ಅವನು. ಐದು ವರ್ಷದ ಹುಡುಗನ ಕೈಗೆ ಬೆಂಕಿ ಕೊಟ್ಟು, 'ಹೋಗು, ನೀನೇ ಹಚ್ಚು, ಧೈರ್ಯ ಬರ್ಬೇಕು ನಿನಗೆ' ಅಂತಿದ್ದ.

ಶಿಗೆನೊ: ಅವ್ರು ಎಲ್ಲಿ ನಿಂತಿರ್ತಿದ್ರು?

 ಗೆಂಗೊನ ಕೈಯಲ್ಲಿದ್ದ ಪೆಟ್ಟಿಗೆ ಸ್ವಲ್ಪ ಕೆಳಗಿಳಿಯಿತು.

ಗೆಂಗೊ: ಅಜ್ಜನ ಸಮಾಧಿ ಕಲ್ಲಿನ ಹಿಂದೆ.

ಶಿಗೆನೊ ದೋಣಿಯ ಅಂಚಿನ ಮೇಲೆ ಕೂತುಬಿಟ್ಟಳು. ಮೊದಲು ಬಂದದ್ದು ಸಿಟ್ಟು. ನಲವತ್ತೊಂದು ವರ್ಷ. ಮೂರು ನಾಯಿ, ಒಂದು ಬೆಕ್ಕು, ಇವಿಷ್ಟರ ತಲೆಯ ಮೇಲೆ ತನ್ನ ಹೆದರಿಕೆ ಹೊರಿಸಿ, ಹೆಂಡತಿಯ ಕಣ್ಣಿಗೆ ದಯಾಳುವಾಗಿ ಮೆರೆದ ಗಂಡ. ಅವಳು ಪ್ರತಿವರ್ಷ ಆ ಹೊಗೆಯಲ್ಲಿ ಒಬ್ಬಳೇ ಕೆಮ್ಮುತ್ತ ನಡೆದಿದ್ದಳು, ಆ ಸದ್ದು ಅವಳಿಗೂ ಒಂದು ದಿನವೂ ಹಿಡಿಸಿರಲಿಲ್ಲ. ಗೂಡಿನಲ್ಲಿ ಇನ್ನೊಬ್ಬರಿಗೆ ಜಾಗ ಇತ್ತು. ದಿಂಬೂ ಎರಡಿತ್ತು.

ಶಿಗೆನೊ: ನನಗೆ ಹೇಳ್ಬೋದಿತ್ತು. ಹೇಳಿದ್ರೆ ನಾನೇನು ನಗ್ತಿದ್ನಾ?

ಗೆಂಗೊ: ನಗ್ತಿದ್ರಿ ಅತ್ತಿಗೆ.

ಶಿಗೆನೊ: ನಗ್ತಿದ್ದೆ.

ನಾತ್ಸುಮೆ: ಬೀದಿಯವ್ರಿಗೆಲ್ಲ ಹೇಳ್ತಿದ್ದೆ ನೀನು.

ಶಿಗೆನೊ: ಬೀದಿಯವ್ರಿಗೆಲ್ಲ ಯಾಕೆ, ಇವನಿಗೊಬ್ಬನಿಗೆ ಹೇಳಿದ್ರೆ ಸಾಕಿತ್ತು.

ಅಂದು ನಕ್ಕಳು. ನಗುತ್ತಿದ್ದಂತೆ ಕಣ್ಣೀರು ಬಂತು, ಒರೆಸಿಕೊಳ್ಳಲಿಲ್ಲ. ಹೋದ ವರ್ಷ ಇದೇ ಸಂಜೆ ತೋಕುಜಿ ಆಸ್ಪತ್ರೆಯಲ್ಲಿದ್ದ. ಆ ಆಸ್ಪತ್ರೆಯ ಕಿಟಕಿಗೆ ಎರಡೆರಡು ಗಾಜು, ಹೊರಗಿನ ಸದ್ದು ಒಳಗೆ ಬಾರದು. 'ಎಷ್ಟು ಒಳ್ಳೇ ಜಾಗ ಇದು ಶಿಗೆನೊ' ಎಂದಿದ್ದ. ಮೈತುಂಬ ನಳಿಗೆ ಚುಚ್ಚಿಸಿಕೊಂಡು ಮಲಗಿದವನು ಹಾಗೆಂದಾಗ ಅವಳು ಅವನಿಗೆ ಬುದ್ಧಿ ಮಂಕಾಗಿದೆ ಎಂದುಕೊಂಡಿದ್ದಳು.

ಗೆಂಗೊ: ಸರಿ, ಆಗಿದ್ದಾಯ್ತು. ಗಂಟೆ ನಾಲ್ಕು ದಾಟ್ತು. ನಾನು ಉಳಿದ ಪೆಟ್ಟಿಗೆ ಇಳಿಸ್ತೀನಿ.

ಶಿಗೆನೊ: ಯಾಕೆ?

ಗೆಂಗೊ: ಯಾಕೆ ಅಂದ್ರೆ? ಹಚ್ಚೋಕೆ.

ಶಿಗೆನೊ: ನಲವತ್ತೊಂದು ವರ್ಷ ಗೂಡಲ್ಲಿ ಕೂತು ತಪ್ಪಿಸ್ಕೊಂಡ ಮನುಷ್ಯನ್ನ ಹಿಡ್ದು ಹುಲ್ಲಿನ ದೋಣಿಗೆ ಕಟ್ಟಿ, ಸುತ್ತ ಹನ್ನೆರಡು ಪೆಟ್ಟಿಗೆ ಹಚ್ತೀಯಾ? ಓಡಿಹೋಗೋಕೆ ಅವ್ರಿಗೀಗ ಕಾಲೂ ಇಲ್ಲ.

ಗೆಂಗೊ: ಅತ್ತಿಗೆ, ಸದ್ದಿಲ್ದೆ ದೋಣಿ ಹೋಗಲ್ಲ. ಈ ಊರಲ್ಲಿ ಹಾಗೆ ಹೋಗಿದ್ದೇ ಇಲ್ಲ. ದಾರಿ ಶುದ್ಧ ಆಗಲ್ಲ.

ಶಿಗೆನೊ: ಮುಂದೆ ಸೋಯಾ ಅಂಗಡಿ ಅಜ್ಜಿ ಹೋಗ್ತಾಳಲ್ಲ ಹದಿಮೂರು ಪೆಟ್ಟಿಗೆ ಸಮೇತ. ಅವಳು ಶುದ್ಧ ಮಾಡಿದ ದಾರೀಲಿ ಸ್ವಲ್ಪ ದೂರದಿಂದ ಹಿಂದೆ ಹೋದ್ರಾಯ್ತು.

ಗೆಂಗೊ: ಹನ್ನೆರಡು ಪೆಟ್ಟಿಗೆ ಏನ್ ಮಾಡ್ಲಿ ನಾನು?

ಶಿಗೆನೊ: ಜೋಪಾನವಾಗಿಡು. ನಿನ್ನ ದೋಣಿಗಾಗತ್ತೆ.

 ಜೂನಿನಿಂದ ಕಟ್ಟಿದ ದೋಣಿಯ ಜಂಭ, ಓಣಿಗೆಲ್ಲ ಸಾರಿದ ಲೆಕ್ಕ, ಎಲ್ಲ ಹೋಯಿತು. ಆದರೂ ಗೆಂಗೊ ದೋಣಿಯ ಹತ್ತಿರ ಹೋಗಿ ಫೋಟೊದ ಟೊಪ್ಪಿಯ ಮೇಲೆ ಬಿದ್ದಿದ್ದ ಪಟಾಕಿಯ ಕೆಂಪು ಚೂರನ್ನು ಉಗುರಿನಿಂದ ತೆಗೆದ. ಬಹಳ ಮೆಲ್ಲಗೆ ತೆಗೆದ.

ಗೆಂಗೊ: ಜನ ಕೇಳ್ತಾರಲ್ಲ ಅತ್ತಿಗೆ. ಏನಂತ ಹೇಳ್ಲಿ? ಅಣ್ಣ ಹೇಡಿ ಅಂತ ಹೇಳ್ಲಾ?

ಶಿಗೆನೊ: ಅದನ್ನ ಹೇಳಿದ್ರೆ ನಾಲಿಗೆ ಕೀಳ್ತೀನಿ. ಹೇಳೋದು ಏನು ಅಂತ ಅವ್ರೇ ನಲವತ್ತೊಂದು ವರ್ಷ ಹೇಳ್ಕೊಟ್ಟು ಹೋಗಿದಾರೆ.

ಆರು ಗಂಟೆಗೆ ಬೀದಿಯೆಲ್ಲ ಕಿಡಿ, ಜಾಗಟೆ, 'ದೋಯಿ ದೋಯಿ' ಎಂಬ ಕೂಗು. ಒಂದರ ಹಿಂದೆ ಒಂದು ದೋಣಿ ಬಂದರಿನ ಕಡೆಗೆ ಉರುಳುತ್ತಿತ್ತು. ಪ್ರತಿ ದೋಣಿಯ ಸುತ್ತ ಮೊಣಕಾಲೆತ್ತರಕ್ಕೆ ಬೆಂಕಿ. ಇವಾನಾಗಾ ದೋಣಿ ಮಾತ್ರ ಎಣ್ಣೆ ಹಾಕಿದ ಗಾಲಿಯ ಮೇಲೆ ತುಟಿ ಬಿಚ್ಚದೆ ಸಾಗುತ್ತಿತ್ತು. ದೋಣಿಯೊಳಗೆ, ಲಾಂದ್ರದ ಪಕ್ಕದಲ್ಲಿ, ಸೊಂಟದ ದಿಂಬು, ಫ್ಲಾಸ್ಕು, ಎಲೆಯಲ್ಲಿ ಸುತ್ತಿದ ಅನ್ನದ ಉಂಡೆ ಎರಡು, ಮುಷ್ಟಿಯಷ್ಟು ಹತ್ತಿ. ರೇಡಿಯೋದಲ್ಲಿ ಬೇಸ್‌ಬಾಲ್ ನಡೆಯುತ್ತಿತ್ತು. ಮುಂದೆ ನಾತ್ಸುಮೆ ಲಾಂದ್ರ ಹಿಡಿದಿದ್ದಳು, ಹಿಂದೆ ಗೆಂಗೊ ದೋಣಿ ತಳ್ಳುತ್ತಿದ್ದ. ದೋಣಿಯ ಪಕ್ಕದಲ್ಲೇ ಶಿಗೆನೊ ತಾನು ಅಂಗಡಿಯಿಂದ ತರಕಾರಿ ತರುವ ಪುಟ್ಟ ಗಾಡಿ ತಳ್ಳುತ್ತ ನಡೆಯುತ್ತಿದ್ದಳು. ಕಿಡಿ ತಾಗದಿರಲೆಂದು ನಾತ್ಸುಮೆ ಒದ್ದೆ ಟವೆಲ್ ಹೊದಿಸಿ, ಕೊರಳಪಟ್ಟಿಯನ್ನು ಎರಡು ಕಡೆ ಬಿಗಿದು, ಆ ಗಾಡಿಯೊಳಗೆ ಕಸ್ತೇರನನ್ನು ಕೂರಿಸಿದ್ದಳು. ಅಲ್ಲಿಗೆ ಕೊಟ್ಟ ಮಾತೂ ಉಳಿಯಿತು, ಗಂಡನ ಜೊತೆ ನಡೆದದ್ದೂ ಆಯಿತು.

ಸೇತುವೆಯ ಹತ್ತಿರ ದೋಣಿಗಳ ಸಾಲು ನಿಂತಾಗ ಉರಕಾವಾ ಹಿಂದಕ್ಕೆ ಬಂದ. ಮುಖ ಮಸಿಯಾಗಿತ್ತು. ಮಾತಿನಲ್ಲಿ ಗೆದ್ದವನ ಸವಿ ಇತ್ತು.

ಉರಕಾವಾ: ಏನು ಗೆಂಗೊ ಅವರೇ, ಹನ್ನೆರಡು ಪೆಟ್ಟಿಗೆ ಅಂತ ಕೇಳಿದ್ದೆ. ಒಂದೂ ಸದ್ದಿಲ್ವಲ್ಲ?

ಗೆಂಗೊ ಅತ್ತಿಗೆಯ ಮುಖ ನೋಡಿದ. ಅವಳು ಬೇಸ್‌ಬಾಲ್ ಕೇಳುತ್ತಿದ್ದಳು. ಅಣ್ಣನ ಫೋಟೊ ನೋಡಿದ. ಗಂಟಲು ಸರಿಮಾಡಿಕೊಂಡ.

ಗೆಂಗೊ: ಪಟಾಕಿ ಅಂದ್ರೆ ಕಸ್ತೇರನಿಗೆ ಆಗಲ್ಲ.

ಅಷ್ಟರಲ್ಲಿ ಮುಂದೆ ಯಾರದೋ ದೋಣಿಯವರು ಒಂದು ಇಡೀ ಸರಕ್ಕೆ ಬೆಂಕಿ ಕೊಟ್ಟರು. ಕಸ್ತೇರ ಟವೆಲ್ ಕೊಡವಿ ಎದ್ದು, ಮುಂಗಾಲೆರಡನ್ನೂ ಗಾಡಿಯ ಅಂಚಿಗೆ ಊರಿ, ಬೊಗಳಿ ಬೊಗಳಿ ಕುಣಿದ. ಬಾಲ ಗಾಡಿಯ ತಗಡಿಗೆ ಬಡಿದು ಜಾಗಟೆಗಿಂತ ಜೋರಾಗಿ ಬಾರಿಸಿತು. ಉರಕಾವಾ ನಾಯಿಯನ್ನೂ ಗೆಂಗೊನನ್ನೂ ಸರದಿಯಲ್ಲಿ ನೋಡಿದ.

ಗೆಂಗೊ: ನೋಡಿ, ಪಾಪ. ಬಾಲ ಹೇಗೆ ನಡುಗ್ತಿದೆ.